ನೆಟ್‌ವರ್ಕ್ ಮಾಸ್ಕ್

ನೆಟ್‌ವರ್ಕ್ ಮಾಸ್ಕ್ (ಸಬ್‌ನೆಟ್ ಮಾಸ್ಕ್ ಎಂದೂ ಕರೆಯುತ್ತಾರೆ) ಎಂಬುದು ಒಂದು ಐಪಿ ವಿಳಾಸದ ಎಷ್ಟು ಭಾಗ ಜಾಲವನ್ನು ಸೂಚಿಸುತ್ತದೆ, ಎಷ್ಟು ಭಾಗ ಆ ಜಾಲದೊಳಗಿನ ಒಂದು ಯಂತ್ರವನ್ನು ಸೂಚಿಸುತ್ತದೆ ಎಂದು ತಿಳಿಸುವ 32 ಬಿಟ್‌ಗಳ ಸಂಖ್ಯೆ. ಐಪಿ ಆವೃತ್ತಿ 4ನ್ನು ಬಳಸುವ ಗಣಕಯಂತ್ರ, ಮೊಬೈಲ್ ಫೋನ್, ಪ್ರಿಂಟರ್ ಹಾಗೂ ರೂಟರ್‌ಗಳು ತಮ್ಮ ವಿಳಾಸದ ಜೊತೆಗೆ ಒಂದು ಮಾಸ್ಕನ್ನೂ ಹೊಂದಿರುತ್ತವೆ. ಉದಾಹರಣೆಗೆ, ಒಂದು ಗಣಕಯಂತ್ರದ ವಿಳಾಸ 192.168.10.77 ಆಗಿದ್ದು ಅದರ ಮಾಸ್ಕ್ 255.255.255.192 ಆಗಿರಬಹುದು. ದತ್ತಾಂಶವನ್ನು ಅದೇ ಜಾಲದ ಯಂತ್ರಕ್ಕೆ ನೇರವಾಗಿ ತಲುಪಿಸಬೇಕೇ ಅಥವಾ ರೂಟರಿಗೆ ಒಪ್ಪಿಸಬೇಕೇ ಎಂಬುದನ್ನು ಯಂತ್ರವು ಈ ಮಾಸ್ಕಿನ ಆಧಾರದಿಂದ ನಿರ್ಧರಿಸುತ್ತದೆ. ವಿಳಾಸ ಸರಿಯಾಗಿದ್ದು ಮಾಸ್ಕ್ ತಪ್ಪಾಗಿದ್ದರೆ, ಕೆಲವು ಯಂತ್ರಗಳೊಡನೆ ಸಂಪರ್ಕ ಸಾಧ್ಯವಾಗಿ ಇನ್ನು ಕೆಲವುಗಳೊಡನೆ ಸಾಧ್ಯವಾಗದಂತಹ, ಕಾರಣವು ಸುಲಭವಾಗಿ ಗೋಚರಿಸದ ದೋಷಗಳು ಉಂಟಾಗುತ್ತವೆ.

ಐಪಿ ವಿಳಾಸದ ರಚನೆ

ಐಪಿ ಆವೃತ್ತಿ 4ರ ವಿಳಾಸವು 32 ಬಿಟ್‌ಗಳಷ್ಟು ಉದ್ದವಿರುತ್ತದೆ. ಬಿಟ್ ಎಂದರೆ 0 ಅಥವಾ 1 ಎಂಬ ಎರಡು ಬೆಲೆಗಳಲ್ಲಿ ಒಂದನ್ನು ಮಾತ್ರ ಪಡೆಯಬಲ್ಲ ಅಂಕಿ. 32 ಬಿಟ್‌ಗಳಿಂದ ಒಟ್ಟು 4,29,49,67,296 ಬೇರೆ ಬೇರೆ ವಿಳಾಸಗಳನ್ನು ರಚಿಸಬಹುದು. ಯಂತ್ರಗಳಿಗೆ ಈ ಬಿಟ್‌ಗಳ ಸಾಲು ಸಾಕಾಗುತ್ತದೆ. ಮನುಷ್ಯರು ಓದಿ ಬರೆಯುವ ಅನುಕೂಲಕ್ಕಾಗಿ ಅದನ್ನು ಎಂಟೆಂಟು ಬಿಟ್‌ಗಳ ನಾಲ್ಕು ಗುಂಪುಗಳಾಗಿ ಒಡೆದು, ಪ್ರತಿ ಗುಂಪನ್ನು ದಶಮಾನ ಸಂಖ್ಯೆಯಾಗಿ ಬರೆದು, ನಡುವೆ ಚುಕ್ಕಿಗಳನ್ನು ಇಡಲಾಗುತ್ತದೆ. ಇಂತಹ ಒಂದು ಗುಂಪಿಗೆ ಆಕ್ಟೆಟ್ ಎಂದು ಹೆಸರು. ಎಂಟು ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ 0, ಅತಿ ದೊಡ್ಡ ಸಂಖ್ಯೆ 255. ಆದ್ದರಿಂದ ಐಪಿ ವಿಳಾಸದಲ್ಲಿ 255ಕ್ಕಿಂತ ದೊಡ್ಡ ಅಂಕೆ ಎಂದೂ ಬರುವುದಿಲ್ಲ.

ಆಕ್ಟೆಟ್‌ನ ಎಂಟು ಸ್ಥಾನಗಳಿಗೆ ಎಡದಿಂದ ಬಲಕ್ಕೆ ಕ್ರಮವಾಗಿ 128, 64, 32, 16, 8, 4, 2, 1 ಎಂಬ ಬೆಲೆಗಳಿವೆ. ಯಾವ ಸ್ಥಾನಗಳಲ್ಲಿ 1 ಇದೆಯೋ ಆ ಸ್ಥಾನಗಳ ಬೆಲೆಗಳನ್ನು ಕೂಡಿಸಿದರೆ ದಶಮಾನ ಸಂಖ್ಯೆ ದೊರೆಯುತ್ತದೆ. 77 ಎಂಬುದು 64, 8, 4 ಮತ್ತು 1ರ ಮೊತ್ತವಾದ್ದರಿಂದ ದ್ವಿಮಾನ ಪದ್ಧತಿಯಲ್ಲಿ ಅದನ್ನು 01001101 ಎಂದು ಬರೆಯಲಾಗುತ್ತದೆ. ಇದೇ ಕ್ರಮದಲ್ಲಿ 192.168.10.77 ಎಂಬ ವಿಳಾಸದ ದ್ವಿಮಾನ ರೂಪ ಹೀಗಿದೆ:

11000000.10101000.00001010.01001101

ಜಾಲ ಭಾಗ ಮತ್ತು ಹೋಸ್ಟ್ ಭಾಗ

ಪ್ರತಿಯೊಂದು ಐಪಿ ವಿಳಾಸದಲ್ಲಿ ಎರಡು ಭಾಗಗಳಿರುತ್ತವೆ. ಎಡಗಡೆಯ ಬಿಟ್‌ಗಳು ಜಾಲವನ್ನು ಸೂಚಿಸಿದರೆ, ಬಲಗಡೆಯ ಬಿಟ್‌ಗಳು ಆ ಜಾಲದಲ್ಲಿರುವ ಒಂದು ನಿರ್ದಿಷ್ಟ ಯಂತ್ರವನ್ನು, ಅಂದರೆ ಹೋಸ್ಟನ್ನು, ಸೂಚಿಸುತ್ತವೆ. ಒಂದೇ ಜಾಲದಲ್ಲಿರುವ ಎಲ್ಲ ಯಂತ್ರಗಳ ಜಾಲ ಭಾಗ ಒಂದೇ ಆಗಿರುತ್ತದೆ. ಹೋಸ್ಟ್ ಭಾಗ ಮಾತ್ರ ಬೇರೆ ಬೇರೆಯಾಗಿರುತ್ತದೆ.

ಭಾರತದ ಸ್ಥಿರ ದೂರವಾಣಿ ಸಂಖ್ಯೆಗಳಲ್ಲಿ ಇದೇ ಬಗೆಯ ವ್ಯವಸ್ಥೆಯನ್ನು ಕಾಣಬಹುದು. ಆರಂಭದ ಸೊನ್ನೆಯನ್ನು ಬಿಟ್ಟರೆ ಎಸ್‌ಟಿಡಿ ಸಂಕೇತ ಹಾಗೂ ಸ್ಥಳೀಯ ಸಂಖ್ಯೆ ಸೇರಿ ಒಟ್ಟು ಹತ್ತು ಅಂಕಿಗಳಾಗುತ್ತವೆ. ಬೆಂಗಳೂರಿನ ಸಂಕೇತ 80. ಉಳಿದ ಎಂಟು ಅಂಕಿಗಳು ಸ್ಥಳೀಯ ಸಂಖ್ಯೆಗೆ ದೊರೆಯುತ್ತವೆ. ಮೈಸೂರಿನ ಸಂಕೇತ 821. ಅಲ್ಲಿ ಸ್ಥಳೀಯ ಸಂಖ್ಯೆಗೆ ಏಳು ಅಂಕಿಗಳಿವೆ. ಶಿರಸಿಯ ಸಂಕೇತ 8384. ಅಲ್ಲಿ ಆರು ಅಂಕಿಗಳಷ್ಟೇ ಉಳಿಯುತ್ತವೆ. ಸಂಕೇತವು ಚಿಕ್ಕದಾದಷ್ಟೂ ಆ ಊರಿನಲ್ಲಿ ಹೆಚ್ಚು ದೂರವಾಣಿಗಳಿಗೆ ಅವಕಾಶವಿದೆ. ಐಪಿ ವಿಳಾಸದಲ್ಲಿಯೂ ಜಾಲ ಭಾಗವು ಚಿಕ್ಕದಾದಷ್ಟೂ ಹೋಸ್ಟ್‌ಗಳಿಗೆ ಹೆಚ್ಚು ಬಿಟ್‌ಗಳು ಉಳಿದು, ಜಾಲವು ದೊಡ್ಡದಾಗುತ್ತದೆ.

ಐಪಿ ವಿಳಾಸವನ್ನಷ್ಟೇ ನೋಡಿ ಅದರ ಜಾಲ ಭಾಗ ಎಲ್ಲಿ ಮುಗಿಯುತ್ತದೆ ಎಂದು ಹೇಳಲು ಸಾಧ್ಯವಿಲ್ಲ. ಆ ಗಡಿಯನ್ನು ತಿಳಿಸಲು ಎರಡನೆಯ ಸಂಖ್ಯೆಯೊಂದು ಬೇಕಾಗುತ್ತದೆ. ಅದೇ ನೆಟ್‌ವರ್ಕ್ ಮಾಸ್ಕ್.

ಮಾಸ್ಕ್ ಕಾರ್ಯನಿರ್ವಹಿಸುವ ಬಗೆ

ಮಾಸ್ಕಿನಲ್ಲಿ ಎಡದಿಂದ ಆರಂಭಿಸಿ ಜಾಲ ಭಾಗದ ಪ್ರತಿಯೊಂದು ಬಿಟ್‌ಗೆ 1, ಹೋಸ್ಟ್ ಭಾಗದ ಪ್ರತಿಯೊಂದು ಬಿಟ್‌ಗೆ 0 ಇರುತ್ತದೆ. ಮಾಸ್ಕ್ ಎಂದರೆ ಮುಸುಕು. 0 ಇರುವ ಸ್ಥಾನಗಳಲ್ಲಿ ವಿಳಾಸದ ಬಿಟ್‌ಗಳನ್ನು ಮುಚ್ಚಿ, 1 ಇರುವ ಸ್ಥಾನಗಳಲ್ಲಿ ಅವುಗಳನ್ನು ಇದ್ದಂತೆಯೇ ಉಳಿಸುವುದರಿಂದ ಈ ಹೆಸರು ಬಂದಿದೆ. ಈ ಗಣಿತ ಕ್ರಿಯೆಗೆ ಆ್ಯಂಡ್ ಕ್ರಿಯೆ ಎಂದು ಹೆಸರು: ಎರಡೂ ಬಿಟ್‌ಗಳು 1 ಆಗಿದ್ದರೆ ಮಾತ್ರ ಉತ್ತರ 1, ಉಳಿದೆಲ್ಲ ಸಂದರ್ಭಗಳಲ್ಲಿ ಉತ್ತರ 0.

ಮೇಲಿನ ಉದಾಹರಣೆಯಲ್ಲಿ ಮಾಸ್ಕ್ 255.255.255.192 ಆಗಿದೆ. ಮೊದಲ ಮೂರು ಆಕ್ಟೆಟ್‌ಗಳಲ್ಲಿ ಎಲ್ಲ ಬಿಟ್‌ಗಳೂ 1 ಆಗಿರುವುದರಿಂದ 192.168.10 ಎಂಬ ಭಾಗ ಬದಲಾಗದೆ ಉಳಿಯುತ್ತದೆ. ಕೊನೆಯ ಆಕ್ಟೆಟ್‌ನ ಲೆಕ್ಕ ಹೀಗಿದೆ:

ವಿಳಾಸ: 01001101 (77)
ಮಾಸ್ಕ್: 11000000 (192)
ಫಲಿತಾಂಶ: 01000000 (64)

ಆದ್ದರಿಂದ ಈ ಯಂತ್ರವಿರುವ ಜಾಲದ ವಿಳಾಸ 192.168.10.64. ಹೋಸ್ಟ್ ಭಾಗಕ್ಕೆ ಆರು ಬಿಟ್‌ಗಳು ಉಳಿದಿರುವುದರಿಂದ ಈ ಜಾಲದಲ್ಲಿ 64 ವಿಳಾಸಗಳಿವೆ, ಅವು 192.168.10.64ರಿಂದ 192.168.10.127ರವರೆಗೆ ಹರಡಿವೆ. ಹೋಸ್ಟ್ ಭಾಗದ ಎಲ್ಲ ಬಿಟ್‌ಗಳೂ 0 ಆಗಿರುವ ಮೊದಲ ವಿಳಾಸ ಜಾಲವನ್ನೇ ಸೂಚಿಸುತ್ತದೆ. ಎಲ್ಲ ಬಿಟ್‌ಗಳೂ 1 ಆಗಿರುವ ಕೊನೆಯ ವಿಳಾಸಕ್ಕೆ ಬ್ರಾಡ್‌ಕಾಸ್ಟ್ ವಿಳಾಸ ಎಂದು ಹೆಸರು. ಅದಕ್ಕೆ ಕಳುಹಿಸಿದ ಸಂದೇಶವು ಆ ಜಾಲದ ಎಲ್ಲ ಯಂತ್ರಗಳಿಗೂ ಉದ್ದೇಶಿತವಾಗಿರುತ್ತದೆ. ಇವೆರಡನ್ನು ಕಳೆದರೆ ಯಂತ್ರಗಳಿಗೆ ಕೊಡಬಹುದಾದ ವಿಳಾಸಗಳು 62.

ದ್ವಿಮಾನ ಲೆಕ್ಕವಿಲ್ಲದೆ ಇದೇ ಉತ್ತರವನ್ನು ಪಡೆಯುವ ಸುಲಭ ಮಾರ್ಗವೂ ಇದೆ. ಮಾಸ್ಕಿನಲ್ಲಿ 255 ಅಲ್ಲದ, 0ಯೂ ಅಲ್ಲದ ಆಕ್ಟೆಟನ್ನು 256ರಿಂದ ಕಳೆಯಬೇಕು. ಇಲ್ಲಿ 256ರಿಂದ 192ನ್ನು ಕಳೆದರೆ 64 ಉಳಿಯುತ್ತದೆ. ಜಾಲಗಳು 64ರ ಗುಣಕಗಳಿಂದ, ಅಂದರೆ 0, 64, 128 ಮತ್ತು 192ರಿಂದ ಆರಂಭವಾಗುತ್ತವೆ. 77 ಎಂಬುದು 64 ಮತ್ತು 128ರ ನಡುವೆ ಬರುವುದರಿಂದ ಆ ಯಂತ್ರವು 64ರಿಂದ ಆರಂಭವಾಗುವ ಜಾಲಕ್ಕೆ ಸೇರಿದೆ.

ಬರೆಯುವ ಕ್ರಮ

ಮಾಸ್ಕಿನಲ್ಲಿ 1ಗಳು ಎಡದಿಂದ ಒಂದರ ಪಕ್ಕ ಒಂದರಂತೆ ನಿರಂತರವಾಗಿ ಇರುವುದರಿಂದ, ಅವುಗಳ ಎಣಿಕೆಯನ್ನು ಹೇಳಿದರೆ ಇಡೀ ಮಾಸ್ಕನ್ನು ಹೇಳಿದಂತಾಗುತ್ತದೆ. ವಿಳಾಸದ ಮುಂದೆ ಓರೆಗೆರೆ ಎಳೆದು ಈ ಎಣಿಕೆಯನ್ನು ಬರೆಯುವ ಕ್ರಮ ಈಗ ರೂಢಿಯಲ್ಲಿದೆ. 255.255.255.192ರಲ್ಲಿ 26 ಬಿಟ್‌ಗಳು 1 ಆಗಿರುವುದರಿಂದ ಅದನ್ನು 192.168.10.77/26 ಎಂದು ಬರೆಯಲಾಗುತ್ತದೆ. ಈ ಎಣಿಕೆಗೆ ಪ್ರಿಫಿಕ್ಸ್ ಉದ್ದ ಎನ್ನುತ್ತಾರೆ. ನಿರಂತರತೆಯ ಇದೇ ಕಾರಣದಿಂದ ಮಾಸ್ಕಿನ ಯಾವುದೇ ಆಕ್ಟೆಟ್‌ನಲ್ಲಿ 0, 128, 192, 224, 240, 248, 252, 254, 255 ಎಂಬ ಒಂಬತ್ತು ಸಂಖ್ಯೆಗಳ ಹೊರತು ಬೇರೆ ಸಂಖ್ಯೆ ಬರಲಾರದು. 255.255.255.200 ಎಂಬುದು ಸರಿಯಾದ ಮಾಸ್ಕ್ ಅಲ್ಲ.

| ಪ್ರಿಫಿಕ್ಸ್ | ಮಾಸ್ಕ್ | ಒಟ್ಟು ವಿಳಾಸಗಳು | ಯಂತ್ರಗಳಿಗೆ ದೊರೆಯುವವು |
|---|---|---|---|
| /16 | 255.255.0.0 | 65,536 | 65,534 |
| /22 | 255.255.252.0 | 1,024 | 1,022 |
| /24 | 255.255.255.0 | 256 | 254 |
| /25 | 255.255.255.128 | 128 | 126 |
| /26 | 255.255.255.192 | 64 | 62 |
| /27 | 255.255.255.224 | 32 | 30 |
| /28 | 255.255.255.240 | 16 | 14 |
| /29 | 255.255.255.248 | 8 | 6 |
| /30 | 255.255.255.252 | 4 | 2 |

ಎರಡು ರೂಟರ್‌ಗಳನ್ನು ಮಾತ್ರ ಜೋಡಿಸುವ ಕೊಂಡಿಗೆ /31 ಪ್ರಿಫಿಕ್ಸನ್ನೂ ಬಳಸಬಹುದೆಂದು 2000ದಲ್ಲಿ ಪ್ರಕಟವಾದ ಆರ್‌ಎಫ್‌ಸಿ 3021 ತಿಳಿಸುತ್ತದೆ. ಅಂತಹ ಕೊಂಡಿಯಲ್ಲಿ ಎರಡೂ ವಿಳಾಸಗಳನ್ನು ಯಂತ್ರಗಳಿಗೇ ಕೊಡಲಾಗುತ್ತದೆ. /32 ಎಂಬುದು ಒಂದೇ ಒಂದು ವಿಳಾಸವನ್ನು ಸೂಚಿಸುತ್ತದೆ.

ನೇರ ರವಾನೆ ಮತ್ತು ಗೇಟ್‌ವೇ

ಒಂದು ಯಂತ್ರವು ಪ್ಯಾಕೆಟನ್ನು ಕಳುಹಿಸುವ ಮುನ್ನ ತನ್ನ ವಿಳಾಸ ಹಾಗೂ ಗುರಿಯ ವಿಳಾಸ ಎರಡಕ್ಕೂ ತನ್ನದೇ ಮಾಸ್ಕನ್ನು ಅನ್ವಯಿಸುತ್ತದೆ. ಎರಡೂ ಫಲಿತಾಂಶಗಳು ಒಂದೇ ಆಗಿದ್ದರೆ ಗುರಿಯು ತನ್ನ ಜಾಲದಲ್ಲಿಯೇ ಇದೆಯೆಂದು ತಿಳಿದು, ಎಆರ್‌ಪಿ ಎಂಬ ವಿಧಾನದಿಂದ ಆ ಯಂತ್ರದ ಹಾರ್ಡ್‌ವೇರ್ ವಿಳಾಸವನ್ನು ವಿಚಾರಿಸಿ ನೇರವಾಗಿ ಕಳುಹಿಸುತ್ತದೆ. ಫಲಿತಾಂಶಗಳು ಬೇರೆಯಾಗಿದ್ದರೆ ಪ್ಯಾಕೆಟನ್ನು ಸಾಮಾನ್ಯವಾಗಿ ಗೇಟ್‌ವೇಗೆ, ಅಂದರೆ ಹೊರಜಾಲಗಳಿಗೆ ದಾರಿ ತಿಳಿದಿರುವ ರೂಟರಿಗೆ, ಒಪ್ಪಿಸುತ್ತದೆ.

192.168.10.77/26 ಎಂಬ ಯಂತ್ರವು 192.168.10.120ಕ್ಕೆ ಪ್ಯಾಕೆಟ್ ಕಳುಹಿಸುವಾಗ ಎರಡೂ ವಿಳಾಸಗಳ ಜಾಲ 192.168.10.64 ಎಂದು ಬರುತ್ತದೆ; ಆದ್ದರಿಂದ ರವಾನೆ ನೇರ. ಅದೇ ಯಂತ್ರವು 192.168.10.130ಕ್ಕೆ ಕಳುಹಿಸುವಾಗ ಗುರಿಯ ಜಾಲ 192.168.10.128 ಎಂದು ಬರುವುದರಿಂದ ಪ್ಯಾಕೆಟ್ ಗೇಟ್‌ವೇಗೆ ಹೋಗುತ್ತದೆ. ವಿಳಾಸಗಳು ನೋಡಲು ಹತ್ತಿರವಿದ್ದರೂ ಈ ಎರಡು ಯಂತ್ರಗಳು ಬೇರೆ ಬೇರೆ ಜಾಲಗಳಿಗೆ ಸೇರಿವೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಪ್ಯಾಕೆಟ್‌ನ ಶಿರೋಭಾಗದಲ್ಲಿ ಕಳುಹಿಸುವವರ ವಿಳಾಸ ಮತ್ತು ಗುರಿಯ ವಿಳಾಸ ಇರುತ್ತವೆಯೇ ಹೊರತು ಮಾಸ್ಕ್ ಇರುವುದಿಲ್ಲ. ಗುರಿಯ ಯಂತ್ರದ ಮಾಸ್ಕ್ ಏನೆಂಬುದು ಕಳುಹಿಸುವ ಯಂತ್ರಕ್ಕೆ ತಿಳಿದಿರುವುದಿಲ್ಲ, ತಿಳಿಯುವ ಅಗತ್ಯವೂ ಇಲ್ಲ. ಪ್ರತಿಯೊಂದು ಯಂತ್ರವೂ ತನ್ನ ಮಾಸ್ಕಿನ ಪ್ರಕಾರವೇ ಒಳಗು ಹೊರಗುಗಳನ್ನು ನಿರ್ಧರಿಸುತ್ತದೆ. ಒಂದೇ ಜಾಲದ ಯಂತ್ರಗಳಿಗೆ ಬೇರೆ ಬೇರೆ ಮಾಸ್ಕ್‌ಗಳನ್ನು ಕೊಟ್ಟರೆ, ಜಾಲದ ಗಡಿಯ ಬಗ್ಗೆ ಅವು ಬೇರೆ ಬೇರೆ ತೀರ್ಮಾನಗಳಿಗೆ ಬರುತ್ತವೆ.

ತಪ್ಪು ಮಾಸ್ಕಿನ ಪರಿಣಾಮಗಳು

ಮಾಸ್ಕ್ ಇರಬೇಕಾದದ್ದಕ್ಕಿಂತ ಚಿಕ್ಕ ಪ್ರಿಫಿಕ್ಸ್ ಹೊಂದಿದ್ದರೆ ಯಂತ್ರವು ಹೊರಗಿನವರನ್ನು ಒಳಗಿನವರೆಂದು ಭಾವಿಸುತ್ತದೆ. ಮೇಲಿನ ಯಂತ್ರಕ್ಕೆ /26ರ ಬದಲು /24 ಕೊಡಲಾಗಿದೆ ಎಂದುಕೊಳ್ಳೋಣ. ಆಗ ಅದು 192.168.10.130 ತನ್ನ ಜಾಲದಲ್ಲಿಯೇ ಇದೆಯೆಂದು ತಿಳಿದು ಗೇಟ್‌ವೇಯನ್ನು ಬಿಟ್ಟು ನೇರವಾಗಿ ವಿಚಾರಿಸುತ್ತದೆ. ಆ ಪ್ರಶ್ನೆ ರೂಟರನ್ನು ದಾಟಿ ಹೋಗದ ಕಾರಣ ಉತ್ತರ ಬರುವುದಿಲ್ಲ. ಆದರೆ ಅಂತರಜಾಲದ ತಾಣಗಳ ವಿಳಾಸಗಳು /24ರ ಪ್ರಕಾರವೂ ಹೊರಗೇ ಇರುವುದರಿಂದ ಅವುಗಳೊಡನೆ ಸಂಪರ್ಕಕ್ಕೆ ಯಾವ ಅಡ್ಡಿಯೂ ಇರುವುದಿಲ್ಲ. ಜಗತ್ತಿನ ಇನ್ನೊಂದು ಮೂಲೆಯ ತಾಣ ತೆರೆದುಕೊಳ್ಳುತ್ತದೆ, ಪಕ್ಕದ ಕೊಠಡಿಯ ಪ್ರಿಂಟರ್ ಮಾತ್ರ ಸಿಗುವುದಿಲ್ಲ. ಇಂತಹ ಲಕ್ಷಣ ಕಂಡಾಗ ಕೇಬಲ್ ಅಥವಾ ಪ್ರಿಂಟರನ್ನು ಬದಲಿಸುವ ಮೊದಲು ಮಾಸ್ಕನ್ನು ಪರೀಕ್ಷಿಸುವುದು ಉಚಿತ. ಕೆಲವು ರೂಟರ್‌ಗಳು ಪ್ರಾಕ್ಸಿ ಎಆರ್‌ಪಿ ಎಂಬ ವಿಧಾನದಿಂದ ಹೊರಗಿನ ಯಂತ್ರಗಳ ಪರವಾಗಿ ತಾವೇ ಉತ್ತರಿಸುವುದರಿಂದ ಈ ದೋಷವು ದೀರ್ಘಕಾಲ ಮರೆಯಾಗಿಯೂ ಉಳಿಯಬಹುದು.

ಪ್ರಿಫಿಕ್ಸ್ ಇರಬೇಕಾದದ್ದಕ್ಕಿಂತ ದೊಡ್ಡದಾಗಿದ್ದರೆ ಯಂತ್ರವು ಒಳಗಿನವರನ್ನು ಹೊರಗಿನವರೆಂದು ಭಾವಿಸುತ್ತದೆ. ಅದೇ ಯಂತ್ರಕ್ಕೆ /27 ಕೊಟ್ಟರೆ ಅದರ ಲೆಕ್ಕದಲ್ಲಿ ಜಾಲವು 64ರಿಂದ 95ರವರೆಗೆ ಮಾತ್ರ ಇರುತ್ತದೆ. 192.168.10.120ಕ್ಕೆ ಹೋಗಬೇಕಾದ ಪ್ಯಾಕೆಟ್ ಅನಗತ್ಯವಾಗಿ ಗೇಟ್‌ವೇಯನ್ನು ಸುತ್ತಿ ಬರುತ್ತದೆ. ಗೇಟ್‌ವೇ 192.168.10.65 ಆಗಿದ್ದರೆ ಸಂಪರ್ಕ ಸಾಮಾನ್ಯವಾಗಿ ಹೇಗೋ ನಡೆಯುತ್ತದೆ. ಗೇಟ್‌ವೇ 192.168.10.126 ಆಗಿದ್ದರೆ ಅದೇ ಹೊರಗೆ ಉಳಿದಂತಾಗಿ, ಹೊರಜಾಲದ ಸಂಪರ್ಕವೇ ಸಿಗದೆ ಹೋಗಬಹುದು.

ಹೆಚ್ಚಿನ ಮನೆ ಮತ್ತು ಕಚೇರಿಗಳಲ್ಲಿ ವಿಳಾಸ, ಮಾಸ್ಕ್ ಮತ್ತು ಗೇಟ್‌ವೇ ಮೂರನ್ನೂ ಡಿಎಚ್‌ಸಿಪಿ ಎಂಬ ವ್ಯವಸ್ಥೆಯು ಯಂತ್ರಗಳಿಗೆ ತಾನಾಗಿಯೇ ಒದಗಿಸುತ್ತದೆ. ಮೇಲೆ ಹೇಳಿದ ದೋಷಗಳು ಬಹುತೇಕ ಕೈಯಿಂದ ವಿಳಾಸ ನಮೂದಿಸಿದ ಪ್ರಿಂಟರ್, ಸರ್ವರ್ ಹಾಗೂ ಕ್ಯಾಮೆರಾಗಳಲ್ಲಿ ಕಂಡುಬರುತ್ತವೆ.

ಜಾಲದ ವಿಭಜನೆ

ಒಂದು ದೊಡ್ಡ ಜಾಲವನ್ನು ಚಿಕ್ಕ ಜಾಲಗಳಾಗಿ ಒಡೆಯುವುದಕ್ಕೆ ಸಬ್‌ನೆಟಿಂಗ್ ಎಂದು ಹೆಸರು. ಬ್ರಾಡ್‌ಕಾಸ್ಟ್ ಸಂದೇಶಗಳ ಹರವನ್ನು ಮಿತಿಗೊಳಿಸುವುದು, ವಿಭಾಗಗಳನ್ನು ಬೇರ್ಪಡಿಸುವುದು ಹಾಗೂ ವಿಳಾಸಗಳನ್ನು ಮಿತವಾಗಿ ಬಳಸುವುದು ಇದರ ಉದ್ದೇಶಗಳು. ಎಲ್ಲ ತುಂಡುಗಳೂ ಸಮನಾಗಿರಬೇಕೆಂದಿಲ್ಲ. ಉದಾಹರಣೆಗೆ, ಒಂದು ಕಾಲೇಜಿಗೆ 192.168.20.0/24 ಎಂಬ ಜಾಲವಿದ್ದು, ಪ್ರಯೋಗಾಲಯಕ್ಕೆ 100, ಕಚೇರಿಗೆ 50, ಗ್ರಂಥಾಲಯಕ್ಕೆ 25 ಹಾಗೂ ಎರಡು ರೂಟರ್‌ಗಳ ನಡುವಿನ ಕೊಂಡಿಗೆ 2 ವಿಳಾಸಗಳು ಬೇಕಾಗಿವೆ ಎಂದುಕೊಂಡರೆ ಹಂಚಿಕೆಯನ್ನು ಹೀಗೆ ಮಾಡಬಹುದು:

- ಪ್ರಯೋಗಾಲಯ: 192.168.20.0/25 (0ರಿಂದ 127)
- ಕಚೇರಿ: 192.168.20.128/26 (128ರಿಂದ 191)
- ಗ್ರಂಥಾಲಯ: 192.168.20.192/27 (192ರಿಂದ 223)
- ರೂಟರ್‌ಗಳ ಕೊಂಡಿ: 192.168.20.224/30 (224ರಿಂದ 227)

228ರಿಂದ 255ರವರೆಗಿನ 28 ವಿಳಾಸಗಳು ಮುಂದಿನ ಅಗತ್ಯಗಳಿಗೆ ಉಳಿಯುತ್ತವೆ. ಹಂಚುವಾಗ ದೊಡ್ಡ ತುಂಡಿನಿಂದ ಆರಂಭಿಸುವುದು ಒಳ್ಳೆಯದು. ಪ್ರತಿಯೊಂದು ತುಂಡೂ ತನ್ನ ಗಾತ್ರದ ಗುಣಕದಿಂದಲೇ ಆರಂಭವಾಗಬೇಕಾದ್ದರಿಂದ, ಚಿಕ್ಕ ತುಂಡುಗಳನ್ನು ಮೊದಲು ಅಲ್ಲಲ್ಲಿ ಇಟ್ಟರೆ ದೊಡ್ಡ ತುಂಡಿಗೆ ಸರಿಯಾದ ಸ್ಥಳ ಸಿಗದೆ ಹೋಗಬಹುದು.

ಇದರ ವಿಲೋಮ ಕ್ರಿಯೆಯೂ ಇದೆ. 192.168.4.0, 192.168.5.0, 192.168.6.0 ಮತ್ತು 192.168.7.0 ಎಂಬ ನಾಲ್ಕು /24 ಜಾಲಗಳನ್ನು 192.168.4.0/22 ಎಂಬ ಒಂದೇ ಹೆಸರಿನಿಂದ ಕರೆಯಬಹುದು. ಇದರಿಂದ ರೂಟರ್‌ಗಳು ನಾಲ್ಕು ದಾರಿಗಳ ಬದಲು ಒಂದೇ ದಾರಿಯನ್ನು ನೆನಪಿಟ್ಟುಕೊಂಡರೆ ಸಾಕಾಗುತ್ತದೆ. ಒಂದೇ ಗುರಿಗೆ ಹಲವು ದಾರಿಗಳು ಹೊಂದಿಕೆಯಾದಾಗ ರೂಟರ್ ಅತಿ ಉದ್ದವಾದ ಪ್ರಿಫಿಕ್ಸ್ ಇರುವ ದಾರಿಯನ್ನು ಆರಿಸಿಕೊಳ್ಳುತ್ತದೆ.

ಇತಿಹಾಸ

ಐಪಿ ಆವೃತ್ತಿ 4ರ ಸ್ವರೂಪವನ್ನು ನಿಗದಿಪಡಿಸಿದ ಆರ್‌ಎಫ್‌ಸಿ 791 ಸೆಪ್ಟೆಂಬರ್ 1981ರಲ್ಲಿ ಪ್ರಕಟವಾಯಿತು. ಆಗ ಮಾಸ್ಕ್ ಇರಲಿಲ್ಲ. ವಿಳಾಸದ ಮೊದಲ ಕೆಲವು ಬಿಟ್‌ಗಳೇ ಅದರ ವರ್ಗವನ್ನು ತಿಳಿಸುತ್ತಿದ್ದವು. ಎ ವರ್ಗದ ಜಾಲದಲ್ಲಿ 1,67,77,216, ಬಿ ವರ್ಗದ ಜಾಲದಲ್ಲಿ 65,536, ಸಿ ವರ್ಗದ ಜಾಲದಲ್ಲಿ 256 ವಿಳಾಸಗಳಿದ್ದವು. ಅಮೆರಿಕದ ಆರ್ಪಾನೆಟ್ ಜಾಲವು 1983ರ ಜನವರಿ 1ರಂದು ಈ ವ್ಯವಸ್ಥೆಗೆ ಬದಲಾಯಿತು.

ಒಂದು ಸಂಸ್ಥೆಯೊಳಗೆ ಹಲವು ಸ್ಥಳೀಯ ಜಾಲಗಳು ಬೆಳೆದಂತೆ ವರ್ಗಗಳ ವ್ಯವಸ್ಥೆ ಸಾಲದಾಯಿತು. ಜೆಫ್ರಿ ಮೊಗಲ್ ಮತ್ತು ಜಾನ್ ಪೋಸ್ಟೆಲ್ ಬರೆದ ಆರ್‌ಎಫ್‌ಸಿ 950, ಆಗಸ್ಟ್ 1985ರಲ್ಲಿ ಸಬ್‌ನೆಟ್ ವಿಭಜನೆಯ ಕ್ರಮವನ್ನು ಮಾನಕಗೊಳಿಸಿತು. ಆದರೂ ಹೊರಗಿನ ಜಗತ್ತಿಗೆ ವರ್ಗಗಳೇ ಉಳಿದಿದ್ದವು. 2,000 ಯಂತ್ರಗಳಿರುವ ಸಂಸ್ಥೆಗೆ ಸಿ ವರ್ಗ ತೀರ ಚಿಕ್ಕದು. ಬಿ ವರ್ಗ ಕೊಟ್ಟರೆ ಅರವತ್ತು ಸಾವಿರಕ್ಕೂ ಹೆಚ್ಚು ವಿಳಾಸಗಳು ವ್ಯರ್ಥ. ಬಿ ವರ್ಗದ ಜಾಲಗಳು ಬೇಗನೆ ಮುಗಿಯುವ ಹಾಗೂ ರೂಟರ್‌ಗಳ ದಾರಿಪಟ್ಟಿ ಮಿತಿಮೀರಿ ಬೆಳೆಯುವ ಅಪಾಯ ಎದುರಾಯಿತು. ಸೆಪ್ಟೆಂಬರ್ 1993ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 1518 ಮತ್ತು 1519, ವರ್ಗಗಳನ್ನು ಕೈಬಿಟ್ಟು ಯಾವುದೇ ಉದ್ದದ ಪ್ರಿಫಿಕ್ಸನ್ನು ಬಳಸುವ ಸಿಐಡಿಆರ್ ಪದ್ಧತಿಯನ್ನು ಮುಂದಿಟ್ಟವು. ಈ ಪದ್ಧತಿಯಲ್ಲಿ ಅದೇ ಸಂಸ್ಥೆಗೆ 2,048 ವಿಳಾಸಗಳ ಒಂದು /21 ಜಾಲ ಸಾಕಾಗುತ್ತದೆ.

ಮಿತವ್ಯಯದಿಂದ ಕೊರತೆ ಮುಂದೂಡಲ್ಪಟ್ಟಿತೇ ಹೊರತು ತಪ್ಪಲಿಲ್ಲ. 2011ರ ಫೆಬ್ರವರಿ 3ರಂದು ಐಎಎನ್‌ಎ ಸಂಸ್ಥೆಯು ತನ್ನ ಬಳಿ ಉಳಿದಿದ್ದ ಕೊನೆಯ ಐದು /8 ಗುಂಪುಗಳನ್ನು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ಹಂಚಿತು. ಭಾರತವು ಇವುಗಳಲ್ಲಿ ಏಷ್ಯಾ ಪೆಸಿಫಿಕ್ ಪ್ರದೇಶದ ಎಪಿನಿಕ್ ಸಂಸ್ಥೆಯ ವ್ಯಾಪ್ತಿಗೆ ಬರುತ್ತದೆ.

ಖಾಸಗಿ ಹಾಗೂ ವಿಶೇಷ ವಿಳಾಸಗಳು

ಫೆಬ್ರವರಿ 1996ರ ಆರ್‌ಎಫ್‌ಸಿ 1918, ಮೂರು ವಿಳಾಸ ಸಮೂಹಗಳನ್ನು ಖಾಸಗಿ ಬಳಕೆಗೆ ಮೀಸಲಿಟ್ಟಿದೆ: 10.0.0.0/8, 172.16.0.0/12 ಮತ್ತು 192.168.0.0/16. ಇವುಗಳನ್ನು ಯಾರ ಅನುಮತಿಯೂ ಇಲ್ಲದೆ ಮನೆ, ಶಾಲೆ, ಕಚೇರಿಗಳ ಒಳಜಾಲದಲ್ಲಿ ಬಳಸಬಹುದು. ಸಾರ್ವಜನಿಕ ಅಂತರಜಾಲದಲ್ಲಿ ಇವುಗಳಿಗೆ ದಾರಿ ಇರುವುದಿಲ್ಲವಾದ್ದರಿಂದ, ಹೊರಗೆ ಹೋಗುವಾಗ ರೂಟರ್ ನ್ಯಾಟ್ ಎಂಬ ಕ್ರಿಯೆಯ ಮೂಲಕ ಅವುಗಳನ್ನು ಸಾರ್ವಜನಿಕ ವಿಳಾಸಕ್ಕೆ ಬದಲಾಯಿಸುತ್ತದೆ. 127.0.0.0/8 ಸಮೂಹವು ಯಂತ್ರವು ತನ್ನೊಡನೆ ತಾನೇ ಸಂವಹನ ನಡೆಸಲು ಮೀಸಲಾಗಿದೆ. 169.254ರಿಂದ ಆರಂಭವಾಗುವ ವಿಳಾಸ ಒಂದು ಯಂತ್ರದಲ್ಲಿ ಕಂಡುಬಂದರೆ, ಸಾಮಾನ್ಯವಾಗಿ ಅದಕ್ಕೆ ಡಿಎಚ್‌ಸಿಪಿಯಿಂದ ವಿಳಾಸ ದೊರೆತಿಲ್ಲವೆಂದು ಅರ್ಥ.

ಸಾಮಾನ್ಯ ತಪ್ಪು ತಿಳಿವಳಿಕೆಗಳು

192.168ರಿಂದ ಆರಂಭವಾಗುವ ಎಲ್ಲ ವಿಳಾಸಗಳ ಮಾಸ್ಕ್ 255.255.255.0 ಎಂದು ಹಲವರು ಭಾವಿಸುತ್ತಾರೆ. ಇದು ಹಳೆಯ ಸಿ ವರ್ಗದಿಂದ ಬಂದ ರೂಢಿಯಷ್ಟೇ. ಮಾಸ್ಕನ್ನು ಜಾಲದ ಅಗತ್ಯಕ್ಕೆ ತಕ್ಕಂತೆ ನಿರ್ಧರಿಸಲಾಗುತ್ತದೆ.

0 ಅಥವಾ 255ರಿಂದ ಮುಗಿಯುವ ವಿಳಾಸವನ್ನು ಯಾವ ಯಂತ್ರಕ್ಕೂ ಕೊಡಬಾರದೆಂಬುದೂ ಸರಿಯಲ್ಲ. 192.168.4.0/22 ಜಾಲದಲ್ಲಿ 192.168.5.0 ಮತ್ತು 192.168.5.255 ಎರಡೂ ನಡುವಿನ ಸಾಧಾರಣ ವಿಳಾಸಗಳು. ಅಲ್ಲಿ ಮೀಸಲಾಗಿರುವವು 192.168.4.0 ಮತ್ತು 192.168.7.255 ಮಾತ್ರ.

ಜಾಲವನ್ನು ವಿಭಜಿಸಿದ ಮಾತ್ರಕ್ಕೆ ಭದ್ರತೆ ದೊರೆಯುತ್ತದೆ ಎಂಬುದು ಇನ್ನೊಂದು ತಪ್ಪು ಕಲ್ಪನೆ. ರೂಟರ್ ಅಥವಾ ಫೈರ್‌ವಾಲ್‌ನಲ್ಲಿ ತಡೆಯುವ ನಿಯಮಗಳಿಲ್ಲದಿದ್ದರೆ ಒಂದು ಸಬ್‌ನೆಟ್‌ನಿಂದ ಇನ್ನೊಂದಕ್ಕೆ ಪ್ಯಾಕೆಟ್‌ಗಳು ಎಂದಿನಂತೆ ಸಾಗುತ್ತವೆ.

ಐಪಿ ಆವೃತ್ತಿ 6ರಲ್ಲಿ

ಐಪಿ ಆವೃತ್ತಿ 6ರ ವಿಳಾಸವು 128 ಬಿಟ್‌ಗಳಷ್ಟು ಉದ್ದವಿದೆ. ಅದರಲ್ಲಿ ಚುಕ್ಕಿಗಳಿಂದ ಬರೆಯುವ ಮಾಸ್ಕ್ ಇಲ್ಲ; ಪ್ರಿಫಿಕ್ಸ್ ಉದ್ದವನ್ನು ಮಾತ್ರ ಓರೆಗೆರೆಯ ಮುಂದೆ ಬರೆಯಲಾಗುತ್ತದೆ. ಸ್ಥಳೀಯ ಜಾಲವೊಂದಕ್ಕೆ ಸಾಮಾನ್ಯವಾಗಿ /64 ಪ್ರಿಫಿಕ್ಸ್ ಕೊಡಲಾಗುತ್ತದೆ, ಅಂದರೆ ಅರ್ಧದಷ್ಟು ಬಿಟ್‌ಗಳು ಜಾಲಕ್ಕೆ, ಉಳಿದರ್ಧ ಯಂತ್ರಕ್ಕೆ. ಬ್ರಾಡ್‌ಕಾಸ್ಟ್ ವಿಳಾಸವೂ ಇದರಲ್ಲಿಲ್ಲ. ಆ ಕೆಲಸವನ್ನು ಮಲ್ಟಿಕಾಸ್ಟ್ ವಿಳಾಸಗಳು ನಿರ್ವಹಿಸುತ್ತವೆ. ವಿಳಾಸಗಳ ಕೊರತೆ ಇಲ್ಲದಿರುವುದರಿಂದ ಒಂದೊಂದು ಜಾಲದ ಗಾತ್ರವನ್ನು ಯಂತ್ರಗಳನ್ನು ಎಣಿಸಿ ನಿರ್ಧರಿಸುವ ಅಗತ್ಯ ಬೀಳುವುದಿಲ್ಲ. ಆದರೆ ವಿಳಾಸದ ಎಡಭಾಗವನ್ನು ಹೋಲಿಸಿ, ಗುರಿಯು ಒಳಗಿದೆಯೇ ಹೊರಗಿದೆಯೇ ಎಂದು ತೀರ್ಮಾನಿಸುವ ಮೂಲ ತತ್ತ್ವ ಎರಡೂ ಆವೃತ್ತಿಗಳಲ್ಲಿ ಒಂದೇ ಆಗಿದೆ.